ಸೋಡಿಯಂಗೆ ಏನೂ ಬೇಕಿಲ್ಲ

ನವೆಂಬರ್ 30, ಶನಿವಾರ

ಮೊನ್ನೆ ಗುರುವಾರ ಅಮ್ಮನಿಗೆ ಗಂಡು ಮಗು ಹುಟ್ಟಿದೆ. ನನಗೆ ಇವತ್ತು ಹೇಳಿದರು. ಕೆಂಜೆಬೆಕ್ ಚಿಕ್ಕಪ್ಪ ಫೋನಿನಲ್ಲಿ ಮೊದಲು ಕರಗಂದದಲ್ಲಿ ಚಳಿ ಹೇಗಿದೆ ಎಂದರು, ಆಮೇಲೆ ಹಾಸ್ಟೆಲ್ ಊಟ ಹೇಗಿದೆ ಎಂದರು, ಕೊನೆಗೆ ಇದನ್ನು ಹೇಳಿದರು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಸರು ತೆಮಿರ್. ಇಟ್ಟವರು ಬಲ್ಖಾಶ್ ಊರಿನ ಸೈಲೌ ದೊಡ್ಡಪ್ಪ.

ಹೆಸರನ್ನು ದೊಡ್ಡಪ್ಪ ಯಾಕೆ ಇಟ್ಟರು ಎಂದು ಕೇಳಬಾರದಿತ್ತು. ಕೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಕೆಮ್ಮಿ, "ಅವನು ಅಣ್ಣನ ಮನೇಲೇ ಬೆಳೀತಾನಮ್ಮ. ನಲವತ್ತು ದಿನ ಕಳೆದ ಮೇಲೆ" ಎಂದರು.

ಲ್ಯಾಬ್ ರೆಕಾರ್ಡ್‌ನಲ್ಲಿ ಮೊದಲು ಯಾವ ಯಾವ ವಸ್ತುಗಳಿವೆ ಎಂದು ಬರೆದುಕೊಳ್ಳಬೇಕು. ಇಲ್ಲೂ ಹಾಗೇ ಬರೆದುಕೊಳ್ಳುತ್ತೇನೆ, ತಲೆ ಸರಿಯಾಗುತ್ತದೆ. ಕೆಂಜೆಬೆಕ್ ಚಿಕ್ಕಪ್ಪ ಅಮ್ಮನ ಎರಡನೆಯ ಗಂಡ, ಶಾಖ್ತಿನ್ಸ್ಕ್‌ನಲ್ಲಿ ಕಲ್ಲಿದ್ದಲು ಗಣಿಯಲ್ಲಿ ಕೆಲಸ. ಅಮ್ಮನಿಗೂ ಅವರಿಗೂ ಈಗಾಗಲೇ ಇಬ್ಬರು ಗಂಡುಮಕ್ಕಳು. ಅವರ ಅಣ್ಣ ಸೈಲೌ ದೊಡ್ಡಪ್ಪ, ಅಣ್ಣನ ಹೆಂಡತಿ ಕಮ್‌ಶಾತ್ ದೊಡ್ಡಮ್ಮ. ಮದುವೆಯಾಗಿ ಬಹಳ ವರ್ಷವಾದರೂ ಅವರಿಗೆ ಮಕ್ಕಳಿಲ್ಲ. ತಮ್ಮನ ಮನೆಯಲ್ಲಿ ಮಕ್ಕಳು ಹೆಚ್ಚಿದ್ದು ಅಣ್ಣನ ಮನೆಯಲ್ಲಿ ಇಲ್ಲದಿದ್ದರೆ ಒಂದನ್ನು ಅಲ್ಲಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಯಾರೂ ಅದನ್ನು ಕೊಡುವುದು ಎಂದು ಕೂಡ ಅನ್ನುವುದಿಲ್ಲ, ಅಣ್ಣನ ಮಡಿಲಿಗೆ ಹಾಕುವುದು ಎನ್ನುತ್ತಾರೆ. ಚಿಕ್ಕಪ್ಪನ ತಂದೆ ಬೇಗ ತೀರಿಕೊಂಡಾಗ ಓದಿಸಿ ಮನುಷ್ಯನನ್ನಾಗಿ ಮಾಡಿದ್ದು ಈ ಅಣ್ಣನೇ. ಆದ್ದರಿಂದ ಅಜ್ಜಿ, ಅಂದರೆ ಅಮ್ಮನ ಅತ್ತೆ, ಬೇಸಿಗೆಯಲ್ಲೇ ತೀರ್ಮಾನ ಮಾಡಿದ್ದರು. ಅಮ್ಮ ತಲೆಯಾಡಿಸಿದಳಂತೆ.

ಇದು ನನ್ನ ವಿಷಯವಲ್ಲ. ನಾನು ಆ ಮನೆಯವಳು ಎಂದು ಹೇಳುವುದೂ ಕಷ್ಟ. ನನ್ನ ಅಪ್ಪ ಇಂಗ್ಲೆಂಡಿನವನು, ಎಣ್ಣೆ ಬಾವಿಯ ಕೆಲಸಕ್ಕೆ ಬಂದಿದ್ದವನು, ಕೆಲಸ ಮುಗಿಯಿತೆಂದು ಹೋದವನು. ನನ್ನ ಗುರುತಿನ ಚೀಟಿಯಲ್ಲಿ ರೌಶಾನ್ ವಿಟ್ಕಂಬ್ ಎಂದಿದೆ. ಅದನ್ನು ಓದುವಾಗ ಪ್ರತಿಯೊಬ್ಬರೂ ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡುತ್ತಾರೆ. ಅಮ್ಮ ಎರಡನೆಯ ಮದುವೆಯಾದಾಗ ನನಗೆ ಏಳು. ಅಲ್ಮಾಟಿಯ ಇಂಗ್ಲಿಷ್ ಹಾಸ್ಟೆಲ್ ಶಾಲೆಗೆ ಹಾಕಿದರು. ಅಲ್ಲಿ ಚೆನ್ನಾಗಿಯೇ ಇದ್ದೆ.

ನನ್ನ ವಿಷಯ ಬೇರೆ. ಜನವರಿ ಒಂಬತ್ತಕ್ಕೆ ಸಾಮಾನ್ಯ ರಸಾಯನಶಾಸ್ತ್ರದ ಮೌಖಿಕ ಪರೀಕ್ಷೆ. ಈಗಲೇ ಓದಲು ಕೂತಿದ್ದೇನೆ.

ಡಿಸೆಂಬರ್ 4, ಬುಧವಾರ

ಇವತ್ತು ಬಲ್ಬಿನ ಪ್ರಯೋಗ. ಒಂದು ಲೋಟ, ಎರಡು ಕಡ್ಡಿ, ತಂತಿ, ಬಲ್ಬು. ಒಣ ಉಪ್ಪಿನಲ್ಲಿ ಕಡ್ಡಿ ಊರಿದರೆ ಬಲ್ಬು ಹತ್ತುವುದಿಲ್ಲ. ಸಕ್ಕರೆ ಕರಗಿಸಿದ ನೀರಿನಲ್ಲೂ ಹತ್ತುವುದಿಲ್ಲ. ಉಪ್ಪು ಕರಗಿಸಿದ ನೀರಿನಲ್ಲಿ ಹತ್ತುತ್ತದೆ.

ಬಲ್ಜಾನ್ ನನ್ನ ರೂಮ್‌ಮೇಟ್, ಲ್ಯಾಬ್‌ನಲ್ಲಿ ನನ್ನ ಜೊತೆಗಾತಿ ಕೂಡ. ಜೆಜ್‌ಕಾಜ್ಗಾನ್‌ನವಳು, ಬಾಯಿಗೆ ಬೀಗವಿಲ್ಲ. ಬಲ್ಬು ಹತ್ತಿದ್ದು ಯಾಕೆ ಎಂದು ನಮ್ಮ ರಸಾಯನಶಾಸ್ತ್ರದ ಮೇಡಂ ಎಲ್ವೀರಾ ಗೆನ್ರಿಖೊವ್ನಾ ಅವಳನ್ನು ಎಬ್ಬಿಸಿ ಕೇಳಿದರು. ಅವಳು ಕೈ ಆಡಿಸುತ್ತಾ ಹೇಳಿದಳು: ಸೋಡಿಯಂ ಹತ್ತಿರ ಕೊನೆಯಲ್ಲಿ ಒಂದು ಎಲೆಕ್ಟ್ರಾನ್ ಒಂಟಿಯಾಗಿದೆ, ಅದನ್ನು ಕೊಟ್ಟುಬಿಡಲು ಅದಕ್ಕೆ ಇಷ್ಟ, ಕ್ಲೋರಿನ್‌ಗೆ ಒಂದು ಕಡಿಮೆ, ಅದಕ್ಕೆ ಬೇಕು, ಅದು ಕೊಟ್ಟಿತು, ಇದು ತೆಗೆದುಕೊಂಡಿತು, ಎರಡಕ್ಕೂ ವಿದ್ಯುತ್ತಿನ ಗುಣ ಬಂತು, ನೀರಿನಲ್ಲಿ ಬಿಡಿಬಿಡಿಯಾಗಿ ಓಡಾಡುತ್ತವೆ.

ಎಲ್ವೀರಾ ಗೆನ್ರಿಖೊವ್ನಾ ಸೀಮೆಸುಣ್ಣ ಕೆಳಗಿಟ್ಟರು. ಅವರು ಜರ್ಮನ್ ಮೂಲದವರು, ಎತ್ತರ, ಬೂದು ಬಣ್ಣದ ಒಂದೇ ಕೋಟು. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ.

"ಇಷ್ಟ ಎಲ್ಲಿದೆ? ಲೋಟದಲ್ಲಿ ತೋರಿಸಿ."

ಬಲ್ಜಾನ್ ಲೋಟ ನೋಡಿದಳು.

"ಪರಮಾಣುಗೆ ಹೊಟ್ಟೆ ಇಲ್ಲ, ಮನಸ್ಸಿಲ್ಲ. ಸೋಡಿಯಂಗೆ ಏನೂ ಬೇಕಿಲ್ಲ. ಏನಾಯ್ತು ಅನ್ನೋದನ್ನ ಹೇಳಿ, ಅದಕ್ಕೇನನ್ನಿಸ್ತು ಅನ್ನೋದನ್ನಲ್ಲ. ಪರೀಕ್ಷೇಲಿ ಒಂದ್ಸಲ 'ಬೇಕು' ಅಂದ್ರೆ ಎರಡು ಅಂಕ ಕಳೀತೀನಿ."

ರೂಮಿಗೆ ಬಂದ ಮೇಲೆ ಬಲ್ಜಾನ್ ಟೀ ಕಾಯಿಸುತ್ತಾ ಬೈದುಕೊಂಡಳು. ಈ ಮುದುಕಿಯನ್ನು ಮದುವೆಯಾದವನಿಗೆ ಊಟ ಬೇಕು ಅನ್ನುವುದಕ್ಕೂ ಹೆದರಿಕೆ ಇದ್ದಿರಬೇಕು ಎಂದಳು. ನನಗೆ ಆ ಮಾತು ಸಮಾಧಾನ ಕೊಟ್ಟಿತು, ಬಲ್ಜಾನ್‌ಳದಲ್ಲ, ಮೇಡಂ ಅವರದು. ಯಾರಿಗೂ ಏನೂ ಬೇಕಿಲ್ಲ, ಸುಮ್ಮನೆ ಆಗುತ್ತದೆ ಎಂದರೆ ಎಷ್ಟೋ ವಿಷಯ ಸುಲಭ. ನಾನು ಆ ತಪ್ಪನ್ನು ಮೊದಲಿಂದಲೂ ಮಾಡಿಲ್ಲ.

ಡಿಸೆಂಬರ್ 11, ಬುಧವಾರ

ಶಾಲೆಯಲ್ಲಿ ನಮಗೆ ಸುಳ್ಳು ಹೇಳಿಕೊಟ್ಟಿದ್ದರು. ಪುಸ್ತಕದಲ್ಲಿ ಸೋಡಿಯಂ ನಗುತ್ತಾ ಎಲೆಕ್ಟ್ರಾನ್ ಕೊಡುತ್ತಿತ್ತು, ಕ್ಲೋರಿನ್ ನಗುತ್ತಾ ಪಡೆಯುತ್ತಿತ್ತು, ಎರಡು ದುಂಡು ಮುಖ. ಇವತ್ತು ಎಲ್ವೀರಾ ಗೆನ್ರಿಖೊವ್ನಾ ಬೋರ್ಡಿನ ಮೇಲೆ ಶಕ್ತಿಯ ಲೆಕ್ಕ ಬರೆದರು. ಸೋಡಿಯಂನಿಂದ ಎಲೆಕ್ಟ್ರಾನನ್ನು ಕೀಳಲು ಶಕ್ತಿ ಹಾಕಬೇಕು, ಅದು ತಾನಾಗಿ ಬರುವುದಿಲ್ಲ. ಕ್ಲೋರಿನ್ ಅದನ್ನು ಪಡೆದಾಗ ಶಕ್ತಿ ಹೊರಬರುತ್ತದೆ, ಆದರೆ ಕೀಳಲು ಹಾಕಿದಷ್ಟಲ್ಲ. ಅಂದರೆ ಕೊಟ್ಟು ಪಡೆದದ್ದಷ್ಟನ್ನೇ ನೋಡಿದರೆ ನಷ್ಟ. ಆ ನಷ್ಟ ತುಂಬುವುದು ಆಮೇಲೆ. ಧನದ್ದು ಋಣದ್ದು ಹತ್ತಿರ ಬಂದು, ಪ್ರತಿಯೊಂದರ ಸುತ್ತ ಎದುರಿನ ಆರು ನಿಂತು, ಹರಳು ಕಟ್ಟಿಕೊಂಡಾಗ. ಹರಳು ಕಟ್ಟದಿದ್ದರೆ ಕೊಟ್ಟದ್ದು ಬರೀ ಕಿತ್ತದ್ದೇ.

ಕೊನೆಯ ವಾಕ್ಯ ನನ್ನದು, ಮೇಡಂ ಹಾಗೆ ಹೇಳಲಿಲ್ಲ. ಪರೀಕ್ಷೆಯಲ್ಲಿ ಹೇಳಬಾರದು.

ಸಂಜೆ ಕಮ್‌ಶಾತ್ ದೊಡ್ಡಮ್ಮ ವಿಡಿಯೊ ಕರೆ ಮಾಡಿದರು. ಹಾಲಿನ ಪುಡಿಯ ಡಬ್ಬ ಕ್ಯಾಮೆರಾಕ್ಕೆ ಅಂಟಿಸಿ ಹಿಡಿದಿದ್ದರು, ಮುಖ ಕಾಣಲಿಲ್ಲ.

"ನೋಡಮ್ಮ ರೌಶಾನ್, ಹೊರದೇಶದ್ದು ಒಳ್ಳೇದು ಅಂತ ತಂದ್ಬಿಟ್ಟೆ. ಬರೀ ಇಂಗ್ಲಿಷ್ನಲ್ಲಿ ಬರೆದಿದಾನೆ. ನೀನು ಅರ್ಧ ಇಂಗ್ಲಿಷ್ನೋಳಲ್ವಾ, ಅರ್ಧನಾದ್ರೂ ಓದ್ಹೇಳು."

ಓದಿದೆ. ಎಷ್ಟು ನೀರಿಗೆ ಎಷ್ಟು ಚಮಚ, ಬಾಟಲಿ ಹೇಗೆ ತೊಳೆಯಬೇಕು. ಕುದಿಸಿ ಆರಿಸಿದ ನೀರು ಎಂದಾಗ, ಅದು ಡಬ್ಬದಲ್ಲಿ ಇದೆಯೋ ನಾನೇ ಸೇರಿಸಿದೆನೋ ಎಂದು ಕೇಳಿದರು. ಇದೆ ಎಂದೆ. ಎಲ್ಲವನ್ನೂ ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡರು. ಆಗ ಫೋನು ಅಲ್ಲಾಡಿ ಹಿಂದಿನ ಕೋಣೆ ಕಾಣಿಸಿತು. ಮರದ ತೊಟ್ಟಿಲು, ಮೇಲೆ ಹೊಸ ಬಟ್ಟೆ ಹೊದಿಸಿತ್ತು. ಅದರೊಳಗೆ ಒಂದು ದಿಂಬು ಮಲಗಿಸಿ ಕಟ್ಟಿದ್ದರು. ಮಗುವಿಗೆ ಪಟ್ಟಿ ಬಿಗಿಯಾಗದ ಹಾಗೆ ಕಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದಾರಂತೆ.

ಡಬ್ಬದ ಮೇಲೆ ಎಲ್ಲಕ್ಕಿಂತ ಮೊದಲು ಒಂದು ಸಾಲಿತ್ತು, ಮಗುವಿಗೆ ತಾಯಿಯ ಹಾಲೇ ಉತ್ತಮ ಎಂದು. ಅದನ್ನು ನಾನು ಓದಲಿಲ್ಲ.

ಡಿಸೆಂಬರ್ 16, ಸೋಮವಾರ

ರಜೆ. ಪುಸ್ತಕ ತೆಗೆದುಕೊಂಡೇ ಶಾಖ್ತಿನ್ಸ್ಕ್‌ಗೆ ಹೋದೆ. ಬಸ್ಸಿನ ಕಿಟಕಿಗೆ ಒಳಗಿನಿಂದಲೇ ಮಂಜು ಕಟ್ಟಿತ್ತು, ಓದಲು ಆಗಲಿಲ್ಲ.

ಗಮನಿಸಿದ್ದು: ಅಮ್ಮ ಕಳೆದ ವಾರದಿಂದ ಹಾಲು ಕುಡಿಸುತ್ತಿಲ್ಲ. ಬಾಟಲಿ ಅಭ್ಯಾಸವಾಗಲಿ, ಆ ಕಡೆ ಹೋದ ಮೇಲೆ ವಾಸನೆ ಹುಡುಕಿಕೊಂಡು ಅಳಬಾರದು ಎಂದು ಅಜ್ಜಿ ಹೇಳಿದ್ದಾರೆ. ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದಾರೆ. ಅಜ್ಜಿ ಬಾಟಲಿ ಹಿಡಿದು ಕೂತಾಗ ಅಮ್ಮ ಅಡುಗೆಮನೆಗೆ ಹೋಗಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ. ಒಂದು ಪಾತ್ರೆ ತುಂಬ ಆಲೂಗಡ್ಡೆ ಇತ್ತು, ಅಷ್ಟು ಯಾರು ತಿನ್ನುತ್ತಾರೆ ಎಂದು ನಾನು ಕೇಳಲಿಲ್ಲ. ಅಜ್ಜಿ ಕೆಟ್ಟವರಲ್ಲ. ಅಮ್ಮನ ಬೆನ್ನಿಗೆ ಶಾಲು ಹೊದಿಸುತ್ತಾರೆ, ಕೊಬ್ಬಿನ ಸಾರು ಮಾಡಿ ಎದುರಿಗೇ ನಿಂತು ಕುಡಿಸುತ್ತಾರೆ. ನಡುವೆ ಒಮ್ಮೆ, ದೊಡ್ಡ ಮಗನ ಮನೆಗೆ ಹೋದಾಗಲೆಲ್ಲ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ, ಕೂತು ಟೀ ಕುಡಿಯಲು ಆಗುವುದಿಲ್ಲ ಎಂದರು.

ಅಜ್ಜಿಯ ಕೈ ನೋಯುತ್ತಿತ್ತು, ಮಗುವನ್ನು ನನಗೆ ಕೊಟ್ಟರು. ಬಾಟಲಿಗೆ ಬಾಯಿ ತೆರೆಯುತ್ತಿರಲಿಲ್ಲ. ನಾನು ನಿಪ್ಪಲನ್ನು ಅವನ ಕೆನ್ನೆಗೆ ತಾಗಿಸಿದೆ, ತಲೆ ತಿರುಗಿಸಿ ಹಿಡಿದುಕೊಂಡ. ಕುಡಿದ. ಎಡಗಿವಿಯ ಮೇಲ್ತುದಿ ಸ್ವಲ್ಪ ಮಡಚಿದೆ. ನಿನ್ನದೂ ಹಾಗೇ ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಕನ್ನಡಿಯಲ್ಲಿ ನೋಡಿಕೊಂಡೆ. ಹೌದು.

"ನಿನ್ನ ಅಲ್ಮಾಟಿಗೆ ಬಿಟ್ಟು ಬಂದ ದಿನ..." ಎಂದು ಅಮ್ಮ ಶುರು ಮಾಡಿದಳು. ಆಮೇಲೆ ಚಾಕು ಎಲ್ಲಿಟ್ಟೆ ಎಂದು ಕೇಳಿದಳು. ಚಾಕು ಅವಳ ಕೈಯಲ್ಲೇ ಇತ್ತು.

ಒಂದು ಪುಟವೂ ಓದಲಿಲ್ಲ. ಇದಕ್ಕೇ ನಾನು ಮನೆಗೆ ಹೋಗುವುದಿಲ್ಲ.

ಡಿಸೆಂಬರ್ 22, ಭಾನುವಾರ

ಹಂಚಿಕೊಳ್ಳುವ ಬಂಧ ಓದಿದೆ. ಒಂದು ಜೋಡಿ ಎಲೆಕ್ಟ್ರಾನ್ ಎರಡು ಪರಮಾಣುಗಳ ನಡುವೆ ಇರುತ್ತದೆ, ಇಂಥದ್ದರದು ಎಂದು ಬೆರಳು ತೋರಿಸಲು ಆಗುವುದಿಲ್ಲ. ಎರಡು ಹೈಡ್ರೋಜನ್ ಇದ್ದರೆ ಸಮಪಾಲು. ಹೈಡ್ರೋಜನ್, ಕ್ಲೋರಿನ್ ಇದ್ದರೆ ಕ್ಲೋರಿನ್ ಕಡೆಗೆ ಹೆಚ್ಚು ವಾಲಿರುತ್ತದೆ. ವಾಲಿದ ಮಾತ್ರಕ್ಕೆ ಬಂಧ ಹರಿದಿದೆ ಎಂದಲ್ಲ. ಕೊಡುವುದು ಮತ್ತು ಹಂಚಿಕೊಳ್ಳುವುದರ ನಡುವೆ ಗೋಡೆ ಇಲ್ಲ, ಇಳಿಜಾರು ಇದೆ ಅಷ್ಟೇ ಎಂದು ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ.

ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿದೆ. ಸುಮ್ಮನೆ. ತೆಮಿರ್‌ಗೆ ಬಿಕ್ಕಳಿಕೆ ಬಂದಿತ್ತು. ಫೋನನ್ನು ಅವನ ಹತ್ತಿರ ಹಿಡಿ ಎಂದೆ. ಬಿಕ್ಕಳಿಕೆ ನಿಲ್ಲುವವರೆಗೂ ಕೇಳಿದೆ. ಬಲ್ಜಾನ್ ತನ್ನ ಮಂಚದಿಂದ ತಲೆ ಎತ್ತಿ, "ಯಾರೇ ಅದು ಹುಡುಗ, ಒಂದು ಮಾತೂ ಆಡದೆ ಇಷ್ಟು ಹೊತ್ತು ಫೋನ್ ಹಿಡ್ಕೊಂಡಿದೀಯ?" ಎಂದಳು.

ಡಿಸೆಂಬರ್ 24, ಮಂಗಳವಾರ

ಮತ್ತೆ ಬಾಟಲಿ ಬೇಡ ಎನ್ನುತ್ತಿದ್ದಾನಂತೆ. ಕೆನ್ನೆಗೆ ತಾಗಿಸಬೇಕು ಎಂದು ಅಜ್ಜಿಗೆ ಹೇಳಿಸಿದೆ.

ಡಿಸೆಂಬರ್ 28, ಶನಿವಾರ

ಪರೀಕ್ಷೆಗೆ ಮುಂಚಿನ ಸಂದೇಹ ತರಗತಿ. ನಾನು ಒಂದು ಪ್ರಶ್ನೆ ಕೇಳಿದೆ, ನಾಲ್ಕು ತಿಂಗಳಲ್ಲಿ ಮೊದಲ ಸಲ. ಹೋದ ಎಲೆಕ್ಟ್ರಾನ್ ಮರಳಿ ಬರುತ್ತದೆಯೇ ಎಂದು.

ಎಲ್ವೀರಾ ಗೆನ್ರಿಖೊವ್ನಾ ಕುರ್ಚಿ ಎಳೆದು ಕೂತರು. ಬಿಸಿ ಆವಿಯಲ್ಲಿ ಒಂದೇ ಒಂದು ಸೋಡಿಯಂ, ಒಂದೇ ಒಂದು ಕ್ಲೋರಿನ್ ಅಂಟಿಕೊಂಡಿವೆ ಎಂದುಕೊಳ್ಳಿ, ಅವನ್ನು ನಿಧಾನವಾಗಿ ದೂರ ಎಳೆದರೆ ಒಂದು ದೂರಕ್ಕೆ ಬಂದ ಮೇಲೆ ಎಲೆಕ್ಟ್ರಾನ್ ಸೋಡಿಯಂಗೇ ಮರಳುತ್ತದೆ ಎಂದರು. ದೂರವಾದ ಮೇಲೆ ಹಾಗಿರುವುದೇ ಕಡಿಮೆ ಖರ್ಚು. ನೀರಿನಲ್ಲಿ ಹಾಗಾಗುವುದಿಲ್ಲ. ನೀರು ಎರಡನ್ನೂ ಬೇರೆ ಬೇರೆ ಸುತ್ತುವರಿದು ಬಿಡುತ್ತದೆ, ಅವು ಹಾಗೆಯೇ ಉಳಿಯುತ್ತವೆ. ಇದು ಪರೀಕ್ಷೆಗೆ ಬರುವುದಿಲ್ಲ, ಆದರೆ ಒಳ್ಳೆಯ ಪ್ರಶ್ನೆ ಎಂದರು.

ಅಮ್ಮ ಫೋನ್ ಮಾಡಿದ್ದಳು. ನಲವತ್ತರ ಶಾಸ್ತ್ರ ಜನವರಿ ಐದಕ್ಕೆ. ಗಂಡು ಮಗುವಾದ್ದರಿಂದ ಒಂದು ದಿನ ಮುಂಚೆ. ಆವತ್ತೇ ಸಂಜೆ ದೊಡ್ಡಪ್ಪ ದೊಡ್ಡಮ್ಮ ಅವನನ್ನು ಕರೆದುಕೊಂಡು ಹೋಗುತ್ತಾರೆ. ನನಗೆ ಪರೀಕ್ಷೆ ಇದೆಯೆಂದು ಅವರಿಗೆ ಗೊತ್ತು, ಬರದಿದ್ದರೂ ಪರವಾಗಿಲ್ಲ ಎಂದಳು. ಬರುತ್ತೇನೆ ಎಂದೆ. ಯಾಕೆ ಹಾಗೆಂದೆನೋ.

ಆ ಶಾಸ್ತ್ರದಲ್ಲಿ ಏನೇನು ಮಾಡುತ್ತಾರೆ ಎಂದು ಬಲ್ಜಾನ್‌ಳನ್ನು ಕೇಳಿದೆ. ಅವಳಿಗೆ ನಗು.

"ಇಂಗ್ಲಿಷಮ್ಮ, ನಿಂಗೆ ನಾಯಿ ಅಂಗಿನೂ ಗೊತ್ತಿಲ್ವೇನೇ? ಮಗೂಗೆ ಮೊದಲು ಹಾಕಿರ್ತಾರಲ್ಲ, ಆ ಅಂಗಿ. ನಲವತ್ತರ ದಿನ ಅದನ್ನ ಬಿಚ್ಚಿ, ಒಳಗೆ ಮಿಠಾಯಿ ಇಟ್ಟು ನಾಯಿ ಕೊರಳಿಗೆ ಕಟ್ತಾರೆ. ಮಕ್ಕಳೆಲ್ಲ ಅಟ್ಟಿಸ್ಕೊಂಡು ಹೋಗಿ ಹಿಡೀಬೇಕು. ಮಿಠಾಯಿ ಮಕ್ಕಳಿಗೆ. ಅಂಗಿ ಮಾತ್ರ ಮಕ್ಕಳಾಗದೇ ಇರೋ ಹೆಂಗಸಿಗೆ. ಇಟ್ಕೊಂಡ್ರೆ ಅವಳಿಗೂ ಆಗುತ್ತೆ ಅಂತ. ನಮ್ಮಕ್ಕಂಗೆ ಕೊಟ್ಟಿದ್ರು, ಅವಳಿ ಆಯ್ತು. ಈಗ ಎಲ್ಲಾದ್ರೂ ನಲವತ್ತರ ಶಾಸ್ತ್ರಕ್ಕೆ ಹೋದ್ರೆ ನಾಯಿ ಕಂಡ ತಕ್ಷಣ ಅವಳೇ ತಪ್ಪಿಸ್ಕೊಂಡು ಓಡ್ತಾಳೆ."

ಜನವರಿ 1

ಅಪ್ಪನ ಹೊಸ ವರ್ಷದ ಸಂದೇಶ ಬಂತು. ಉತ್ತರಕ್ಕೆ ತೆಮಿರ್‌ನ ಫೋಟೊ ಕಳಿಸಿದೆ. ಯಾರ ಮಗು ಎಂದು ಕೇಳಿದ. ನನ್ನ ತಮ್ಮ ಎಂದು ಬರೆದೆ.

ಜನವರಿ 4, ಶನಿವಾರ. ಶಾಖ್ತಿನ್ಸ್ಕ್

ದೊಡ್ಡಪ್ಪ ದೊಡ್ಡಮ್ಮ ಮಧ್ಯಾಹ್ನ ಬಂದರು. ಕಾರಿನ ತುಂಬ ಬಲ್ಖಾಶ್ ಸರೋವರದ ಹೊಗೆ ಹಾಕಿದ ಮೀನಿನ ವಾಸನೆ. ದೊಡ್ಡಪ್ಪ ಹೆಚ್ಚು ಮಾತಾಡುವವರಲ್ಲ. ಕೈ ಬೆಚ್ಚಗಾಗುವವರೆಗೆ ಮಗುವನ್ನು ಮುಟ್ಟುವುದಿಲ್ಲ ಎಂದು ಒಲೆಯ ಹತ್ತಿರ ಕೈ ಚಾಚಿ ನಿಂತಿದ್ದರು, ಬೆಚ್ಚಗಾದ ಮೇಲೂ ನಿಂತೇ ಇದ್ದರು. ಅಜ್ಜಿ ಬೈದ ಮೇಲೆ ಬಂದು ಎತ್ತಿಕೊಂಡರು. ಮೂಗಿನಿಂದ ಅವನ ನೆತ್ತಿ ಮೂಸಿದರು.

ದೊಡ್ಡಮ್ಮ ನನಗೆ ಮೀನಿನ ದೊಡ್ಡ ತುಂಡು ಹಾಕಿದರು. ನಾನು ಓದಿ ಹೇಳಿದ್ದನ್ನೆಲ್ಲ ಬಾಯಿಪಾಠ ಒಪ್ಪಿಸಿದರು, ತಪ್ಪಿಲ್ಲದೆ. ನನ್ನ ಎಲ್ಲಾ ಸಹಪಾಠಿಗಳಿಗಿಂತ ಚೆನ್ನಾಗಿ ಪಾಸಾಗುತ್ತಾರೆ.

ಅಭ್ಯಾಸವಾಗಲೆಂದು ಇವತ್ತಿನಿಂದಲೇ ತೊಟ್ಟಿಲನ್ನು ಅವರಿಬ್ಬರು ಮಲಗುವ ಕೋಣೆಗೆ ಸಾಗಿಸಿದರು. ಚಿಕ್ಕಪ್ಪ ಒಂದು ಕಡೆ, ದೊಡ್ಡಪ್ಪ ಒಂದು ಕಡೆ ಹಿಡಿದರು. ಅಮ್ಮ ಬಾಗಿಲು ಹಿಡಿದು ನಿಂತಿದ್ದಳು, ತಾಗದಿರಲಿ ಎಂದು.

ಜನವರಿ 5, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹೆಂಗಸರು ಬಂದರು. ಬೋಗುಣಿಯ ನೀರಿಗೆ ಅಜ್ಜಿ ಬೆಳ್ಳಿ ನಾಣ್ಯ ಹಾಕಿದರು. ಒಬ್ಬೊಬ್ಬರೂ ಮರದ ಚಮಚದಿಂದ ಮಗುವಿನ ಮೇಲೆ ನೀರು ಹಾಕಿ ಒಂದೊಂದು ಮಾತು ಹೇಳಿದರು, ಬೆನ್ನು ಗಟ್ಟಿಯಾಗಲಿ, ಕಾಲು ಚುರುಕಾಗಲಿ ಎಂದು. ನನ್ನ ಸರದಿ ಬಂದಾಗ ನೀರಷ್ಟೇ ಹಾಕಿದೆ. ಎಲ್ಲರಿಗಿಂತ ಕೊನೆಗೆ ಅಮ್ಮ. ಅವಳೂ ನೀರಷ್ಟೇ ಹಾಕಿದಳು. ಅವನು ಅಳಲಿಲ್ಲ. ನೆತ್ತಿಯ ಕೂದಲು ಕತ್ತರಿಸಿದರು, ಉಗುರು ಕತ್ತರಿಸಿದರು, ಹೊಸ ಅಂಗಿ ಹಾಕಿದರು.

ಹಳೆಯದನ್ನು ನನ್ನ ತಮ್ಮಂದಿರು ಅಂಗಳಕ್ಕೆ ಒಯ್ದು ಪಕ್ಕದ ಮನೆಯ ನಾಯಿ ಅಕ್ತೊಸ್‌ನ ಕೊರಳಿಗೆ ಕಟ್ಟಿದರು. ಬೀದಿಯ ಮಕ್ಕಳೆಲ್ಲ ಸೇರಿದ್ದರು. ಅಕ್ತೊಸ್ ಮುದಿ ನಾಯಿ, ಓಡುವುದಿಲ್ಲ ಎಂದುಕೊಂಡಿದ್ದೆವು, ಮಕ್ಕಳು ಕೂಗಿದ್ದೇ ಹಿಮ ಹಾರಿಸಿಕೊಂಡು ಓಡಿತು. ಕಲ್ಲಿದ್ದಲಿನ ಕೊಟ್ಟಿಗೆಯ ಸುತ್ತ ಎರಡು ಸಲ ತಿರುಗಿ ನೇರ ನನ್ನ ಕಡೆ ಬಂತು. ನಾನು ಬೆಳಿಗ್ಗೆಯಿಂದ ಕರುಳಿಗೆ ತುಂಬಿದ ಕುದುರೆ ಮಾಂಸದ ಕಜಿ ಹೆಚ್ಚುತ್ತಿದ್ದೆ, ಕೈಗೆ ಅದರ ವಾಸನೆ ಇತ್ತು. ಕೊರಳಪಟ್ಟಿ ಹಿಡಿದೆ. ಮಕ್ಕಳು ಬಿದ್ದು ಮಿಠಾಯಿ ಎತ್ತಿಕೊಂಡರು. ಅಂಗಿ ನನ್ನ ಕೈಯಲ್ಲಿ ಉಳಿಯಿತು. ಅಂಗೈಯಷ್ಟು ಇದೆ. ಹೊಲಿಗೆ ಹೊರಗಡೆಗಿದೆ, ಮೈಗೆ ತಾಗಬಾರದೆಂದು.

ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಎದುರಿಗೆ ಪಕ್ಕದ ಮನೆಯ ಸೊಸೆ, ಮದುವೆಯಾಗಿ ಮೂರು ವರ್ಷದವಳು, ಆಗಲೇ ನಾಚುತ್ತಾ ಎರಡೂ ಕೈ ಮುಂದೆ ಮಾಡಿದ್ದಳು. ಅಜ್ಜಿ ಗಲ್ಲದಿಂದ ಅವಳ ಕಡೆ ತೋರಿಸಿದರು. ಅವಳ ಹಿಂದೆ, ಒಂದು ಪಕ್ಕಕ್ಕೆ ಕಮ್‌ಶಾತ್ ದೊಡ್ಡಮ್ಮ ನಿಂತಿದ್ದರು. ಕೈ ಶಾಲಿನೊಳಗಿತ್ತು.

ನಾನು ಸೊಸೆಯನ್ನು ದಾಟಿ ಹೋಗಿ ಅಂಗಿಯನ್ನು ದೊಡ್ಡಮ್ಮನಿಗೆ ಕೊಟ್ಟೆ.

ಮಕ್ಕಳು ಮಿಠಾಯಿ ಕಾಗದ ಬಿಚ್ಚುವ ಸದ್ದು ಕೇಳುತ್ತಿತ್ತು.

"ಅವಳಿಗ್ಯಾಕೆ?" ಎಂದರು ಅಜ್ಜಿ. "ಅಂಗಿ ಕೊಡೋದು ಕೈ ಖಾಲಿ ಹೋಗೋಳಿಗೆ. ಮಗೂನೇ ತಗೊಂಡು ಹೋಗ್ತಿರೋಳ ಕೈಗೆ ಅಂಗಿ ಇಟ್ರೆ ಏನರ್ಥ ಗೊತ್ತಾ? ನಮ್ಮದನ್ನ ಕೊಡಲ್ಲ, ನೀನೇ ಹೆತ್ಕೋ ಅಂತ."

ಬಲ್ಜಾನ್ ನನಗೆ ಇಷ್ಟು ಹೇಳಿರಲಿಲ್ಲ.

"ಯಾರು ಹೇಳ್ಕೊಟ್ರು ನಿಂಗೆ ಇದನ್ನ?" ಅಜ್ಜಿ ಕೇಳಿದ್ದು ನನ್ನನ್ನು, ನೋಡಿದ್ದು ಅಮ್ಮನನ್ನು. ಎಲ್ಲರೂ ಅಮ್ಮನನ್ನು ನೋಡಿದರು.

ಪಕ್ಕದ ಮನೆಯಾಕೆ ನಕ್ಕು ಹಗುರ ಮಾಡಲು ನೋಡಿದರು. ಹಾಸ್ಟೆಲಿನಲ್ಲಿ ಬೆಳೆದ ಹುಡುಗಿ, ಅದೂ ಅರ್ಧ ಇಂಗ್ಲಿಷು, ಪಾಪ ಅದಕ್ಕೆ ನಮ್ಮ ಶಾಸ್ತ್ರ ಎಲ್ಲಿ ಗೊತ್ತಾಗಬೇಕು, ಅಂಗಿ ಈಚೆ ತಗೊಂಡರಾಯಿತು ಎಂದರು. ಒಬ್ಬಿಬ್ಬರು ಹೌದು ಹೌದು ಎಂದರು. ಅಲ್ಲಿಗೆ ಮುಗಿಯುವುದಿತ್ತು. ನಾನೂ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ.

"ನಾನೇ ಹೇಳ್ಕೊಟ್ಟಿದ್ದು" ಎಂದಳು ಅಮ್ಮ.

ಅವಳು ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ದನಿ ಉಪ್ಪಿನ ಡಬ್ಬ ಈಚೆ ಕೊಡು ಎನ್ನುವ ಹಾಗಿತ್ತು. ಚಿಕ್ಕಪ್ಪ "ಮಾಕ್ಪಾಲ್" ಎಂದು ಅವಳ ಹೆಸರು ಹಿಡಿದು ಒಮ್ಮೆ ಕರೆದರು. ಅವಳು ತಿರುಗಲಿಲ್ಲ. ಒಳಗೆ ಹೋಗಿ ದೊಡ್ಡಮ್ಮನ ಕೋಣೆಯ ತೊಟ್ಟಿಲಿನ ಪಟ್ಟಿ ಬಿಚ್ಚಿ ಅವನನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ದೊಡ್ಡಮ್ಮ ಅಂಗಿಯನ್ನೇ ನೋಡುತ್ತಿದ್ದರು. ಹಿಂದಕ್ಕೆ ಕೊಡಬಹುದಿತ್ತು. ಮಡಚಿದರು, ಮತ್ತೊಮ್ಮೆ ಮಡಚಿದರು, ಕೋಟಿನ ಒಳಜೇಬಿಗೆ ಹಾಕಿಕೊಂಡರು.

"ಮೀನು ಕಾರಲ್ಲೇ ಇದೆ. ಒಳಗಿಡಿ ಯಾರಾದ್ರೂ, ಬೆಕ್ಕು ಬರ್ತವೆ" ಎಂದರು.

ಊಟ ಮಾಡಿಯೇ ಹೋದರು, ಮಾಡದೆ ಹೋಗುವ ಹಾಗಿಲ್ಲ. ಹಿರಿಯನೆಂದು ದೊಡ್ಡಪ್ಪನ ಮುಂದೆ ಕುರಿಯ ತಲೆ ಇಟ್ಟರು. ಅವರು ಪದ್ಧತಿಯಂತೆ ಕಿವಿ ಕೊಯ್ದು ಚಿಕ್ಕವರಿಗೆ ಕೊಟ್ಟರು, ಒಂದು ನನ್ನ ತಮ್ಮಂದಿರಿಗೆ, ಒಂದು ನನಗೆ. ನನಗೆ ಕೊಡುವಾಗ ಅವರ ಮುಖ ಬೇರೆ ಕಡೆ ಇತ್ತು. ಬೆಳಕಿರುವಾಗಲೇ ಹೊರಟರು, ತೆಮಿರ್ ಇಲ್ಲದೆ. ತಾವು ತಂದಿದ್ದ ಹಾಲಿನ ಪುಡಿಯ ಡಬ್ಬ ನಮ್ಮ ಮನೆಯ ಕಪಾಟಿನಲ್ಲೇ ಬಿಟ್ಟು ಹೋಗಿದ್ದಾರೆ.

ಜನವರಿ 6, ಸೋಮವಾರ

ಅಜ್ಜಿ ಅಮ್ಮನ ಹತ್ತಿರ ಮಾತಾಡುತ್ತಿಲ್ಲ. ಸೌಟಿನ ಹತ್ತಿರ ಮಾತಾಡುತ್ತಾರೆ, ಬೆಕ್ಕಿನ ಹತ್ತಿರ ಮಾತಾಡುತ್ತಾರೆ. ಚಿಕ್ಕಪ್ಪ ರಜೆಯಿದ್ದರೂ ಗಣಿಗೆ ಹೋದರು.

ಅಮ್ಮ ಬಸ್ ನಿಲ್ದಾಣದವರೆಗೆ ಬಂದಳು. ದಾರಿಯುದ್ದಕ್ಕೂ ನಿನ್ನೆಯ ಮಾತು ಎತ್ತಲಿಲ್ಲ. ಬಸ್ಸು ಬಂದಾಗ ನನ್ನ ಕೋಟಿನ ಮೇಲಿನ ಗುಂಡಿ ಹಾಕಿದಳು. ಅದನ್ನು ನಾನು ಯಾವಾಗಲೂ ಹಾಕುವುದಿಲ್ಲ, ಕುತ್ತಿಗೆ ಬಿಗಿಯುತ್ತದೆ. ಕರಗಂದ ಬರುವವರೆಗೂ ಹಾಗೇ ಇತ್ತು.

ಅಂಗಿ ಕೊಡುವಾಗ ನನಗೆ ಪೂರ್ತಿ ಅರ್ಥ ಗೊತ್ತಿರಲಿಲ್ಲ ಎಂದು ಬರೆಯಬೇಕು. ಅದು ನಿಜ. ಮಕ್ಕಳಾಗದೇ ಇರುವವರಿಗೆ ಕೊಡುತ್ತಾರೆ ಎಂದಷ್ಟೇ ಗೊತ್ತಿತ್ತು, ಆ ಅಂಗಳದಲ್ಲಿ ಯಾರಿಗೆ ಮಕ್ಕಳಾಗಿಲ್ಲ ಎಂಬುದೂ ಗೊತ್ತಿತ್ತು. ಆದರೆ ಪಕ್ಕದ ಮನೆಯ ಸೊಸೆ ಕೈ ಚಾಚಿದ್ದು ಕಂಡಿತ್ತು. ಅವಳನ್ನು ಸುತ್ತಿ ಹೋದೆ. ಮೂರು ಹೆಜ್ಜೆ.

ಎರಡು ಅಧ್ಯಾಯ ಬಾಕಿ ಇದೆ.

ಜನವರಿ 9, ಗುರುವಾರ

ಪರೀಕ್ಷೆ ಮುಗಿಯಿತು. ಮೇಜಿನ ಮೇಲೆ ಬೋರಲು ಹಾಕಿದ ಚೀಟಿಗಳಲ್ಲಿ ಒಂದನ್ನು ಎತ್ತಬೇಕು. ನನಗೆ ಬಂದದ್ದು ಬಂಧಗಳು, ಎರಡು ಬಗೆ, ಹೋಲಿಸಿ ವಿವರಿಸಿ ಎಂದು. ಇದಕ್ಕಿಂತ ಸುಲಭದ್ದು ಬರಲಾರದು. ಶಕ್ತಿಯ ಲೆಕ್ಕ ಬರೆದೆ, ಹರಳಿನ ಚಿತ್ರ ಬರೆದೆ, ಹಂಚಿಕೊಂಡ ಜೋಡಿ ಒಂದು ಕಡೆ ವಾಲುವುದನ್ನು ಹೇಳಿದೆ. ಎಲ್ವೀರಾ ಗೆನ್ರಿಖೊವ್ನಾ ನಡುವೆ ಪೆನ್ಸಿಲಿನಿಂದ ಏನೋ ಗೆರೆ ಎಳೆಯುತ್ತಿದ್ದರು. ಮುಗಿದ ಮೇಲೆ ತೋರಿಸಿದರು. ಮೂರು ಗೆರೆ.

"ಮೂರ್ಸಲ 'ಬೇಕು' ಅಂದ್ರಿ. ಒಂದ್ಸಲ 'ಬಿಟ್ಟುಕೊಡೋಕೆ ಮನಸ್ಸಿಲ್ಲ' ಅಂದ್ರಿ, ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ."

ನನಗೆ ನೆನಪೇ ಇಲ್ಲ.

"ಸೆಪ್ಟೆಂಬರಿಂದ ಈ ತಪ್ಪು ಮಾಡದೇ ಇದ್ದೋರು ನೀವೊಬ್ರೇ. ಏನಾಯ್ತು?"

ನಿದ್ದೆ ಸರಿಯಾಗಿಲ್ಲ ಎಂದೆ. ಅವರು ಹೇಳಿದಂತೆ ಆರು ಅಂಕ ಕಳೆದರು. ಬಲ್ಜಾನ್‌ಳದು ಒಂದೂ ಹೋಗಲಿಲ್ಲ. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಉತ್ತರ ಹೇಳಿದಳಂತೆ. ಈಗ ಊಟ ಬೇಕಾ ಎಂದರೆ, ನನ್ನ ಶಕ್ತಿ ಕಡಿಮೆಯಾಗಿದೆ ಎನ್ನುತ್ತಾಳೆ.

ಆರು ಅಂಕಕ್ಕೆ ಅಳು ಬರಬೇಕಿತ್ತು, ಹಿಂದಿನ ನಾನಾಗಿದ್ದರೆ. ನಿದ್ದೆ ಬಂತು.

ಜನವರಿ 10, ಶುಕ್ರವಾರ

ಮಧ್ಯಾಹ್ನ ಕಮ್‌ಶಾತ್ ದೊಡ್ಡಮ್ಮನ ಫೋನ್. ಹೆಸರು ಕಂಡು ಎತ್ತದೆ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಎತ್ತಿದೆ. ವಿಡಿಯೊ ಅಲ್ಲ, ಬರೀ ದನಿ.

ಪರೀಕ್ಷೆ ಹೇಗಾಯಿತು ಎಂದು ಕೇಳಿದರು. ಪಾಸು ಎಂದೆ. ಒಳ್ಳೆಯದಾಯಿತು ಎಂದರು. ಚಿಕ್ಕಪ್ಪ ದಿನಾ ಫೋನ್ ಮಾಡುತ್ತಿದ್ದಾರಂತೆ, ಅಣ್ಣನ ಹತ್ತಿರ ಕ್ಷಮೆ ಕೇಳುತ್ತಿದ್ದಾರಂತೆ. ಅಜ್ಜಿ ನಿನ್ನೆ ಹೇಳಿದರಂತೆ, ಅಂಗಿ ಕೊಟ್ಟದ್ದು ಏನೂ ತಿಳಿಯದ ಹುಡುಗಿ, ಮಾಕ್ಪಾಲ್ ಮಗಳನ್ನು ಕಾಪಾಡಲು ತನ್ನ ಮೇಲೆ ಹಾಕಿಕೊಂಡಳು ಅಷ್ಟೇ, ಆ ಮಾತು ಲೆಕ್ಕಕ್ಕಿಲ್ಲ, ಬಂದು ಮಗು ಕರೆದುಕೊಂಡು ಹೋಗಿ ಎಂದು.

"ಅವರು ಹೇಳಿದ್ದು ಬಿಡು. ನೀನು ಸುಳ್ಳು ಹೇಳೋ ಹುಡುಗಿ ಅಲ್ಲ, ಡಬ್ಬದಲ್ಲಿ ಇಲ್ಲದ್ದು ಒಂದಕ್ಷರ ಸೇರಿಸಿ ಓದಲಿಲ್ಲ. ಅದಕ್ಕೆ ನಿನ್ನನ್ನೇ ಕೇಳ್ತಿದೀನಿ. ಅದು ನಿಮ್ಮಮ್ಮನ ಮಾತಾ? ಇಲ್ಲ ನಿಂಗೆ ಗೊತ್ತಾಗದೆ ಆಗಿದ್ದಾ?"

ಬಲ್ಜಾನ್ ಇಸ್ತ್ರಿ ಮಾಡುತ್ತಿದ್ದಳು. ನನ್ನ ಮುಖ ನೋಡಿ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡಳು.

ಗೊತ್ತಾಗದೆ ಆಯಿತು ಎಂದರೆ ಅದು ಅರ್ಧ ನಿಜ. ಅಮ್ಮನ ಮಾತು ಎಂದರೆ ಇನ್ನೊಂದರ್ಧ. ಮೊದಲನೆಯದನ್ನು ಹೇಳಿದರೆ ನಾಳೆ ಅವನು ಅವರ ಕಾರಿನಲ್ಲಿ ಹೋಗುತ್ತಾನೆ. ಎರಡನೆಯದನ್ನು ಹೇಳಿದರೆ ಆ ಮನೆಯಲ್ಲಿ ಅಮ್ಮನೊಬ್ಬಳೇ ತಪ್ಪಿತಸ್ಥೆಯಾಗಿ ಇರಬೇಕಾಗುತ್ತದೆ, ಎಷ್ಟು ವರ್ಷವೋ.

"ಇಬ್ಬರದೂ, ದೊಡ್ಡಮ್ಮ" ಎಂದೆ. "ಅಮ್ಮಂಗೂ ಅವನು ಬೇಕು. ನಂಗೂ ಬೇಕು."

ಆ ಕಡೆ ಗಡಿಯಾರದ ಸದ್ದು ಕೇಳಿಸಿತು, ಅಜ್ಜಿ ಹೇಳುತ್ತಿದ್ದದ್ದೇ ಇರಬೇಕು.

"ಒಬ್ಬಳದೇ ಅಂದಿದ್ರೆ ಅವನನ್ನ ಕರ್ಕೊಂಡು ಹೋಗೋಕೆ ನಾಳೆನೇ ಬರ್ತಿದ್ದೆ. ಇನ್ನು ಬರಲ್ಲ" ಎಂದರು.

ನಾನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ.